ಎಳೆಯೋದಾ, ತಳ್ಳೋದಾ? ಹಳೇ ಕಾರಿನ ಫ್ಯೂಯಲ್ ಪಂಪ್ ಜಾಗ ಬದಲಾದ ಕಥೆ

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರು, ಒಂದು ಕಾಲಕ್ಕೆ ಫಿಯಟ್ ಓಡಿಸಿದವರು ಯಾರಾದ್ರೂ ಇದ್ರೆ ಅವರನ್ನ ಒಂದು ಪ್ರಶ್ನೆ ಕೇಳಿ ನೋಡಿ. ಏಪ್ರಿಲ್ ಬಿಸಿಲಲ್ಲಿ ಘಾಟಿ ಹತ್ತುವಾಗ ಗಾಡಿ ಕೆಮ್ಮಿ ಕೆಮ್ಮಿ ನಿಂತುಹೋದ್ರೆ ಏನ್ ಮಾಡ್ತಿದ್ರಿ? ಬಹುಪಾಲು ಜನರ ಉತ್ತರ ಒಂದೇ ಇರುತ್ತೆ. ಮನೆಮಂದೀನ ಮರದ ನೆರಳಿಗೆ ಕಳಿಸೋದು, ಬಾನೆಟ್ ಎತ್ತೋದು, ಟವೆಲ್ಲೋ ಹಳೇ ಪಂಚೆ ತುಂಡೋ ನೀರಲ್ಲಿ ಅದ್ದಿ ಇಂಜಿನ್ ಪಕ್ಕದ ಒಂದು ಸಣ್ಣ ಡಬ್ಬಿಗೆ ಸುತ್ತೋದು. ಕಾಲು ಗಂಟೆ, ಇಪ್ಪತ್ತು ನಿಮಿಷ ಕಾಯೋದು. ಆಮೇಲೆ ಕೀ ತಿರುಗಿಸಿದ್ರೆ ಗಾಡಿ ಏನೂ ಆಗೇ ಇಲ್ಲ ಅನ್ನೋ ಥರ ಹೊರಟುಬಿಡ್ತಿತ್ತು. ಗ್ಯಾರೇಜಿನವರು ಇದನ್ನ ‘ಏರ್ ಲಾಕ್’ ಅಂತಿದ್ರು. ಪುಸ್ತಕದ ಹೆಸರು ವೇಪರ್ ಲಾಕ್.

ಆ ಸಣ್ಣ ಡಬ್ಬಿಯೇ ಫ್ಯೂಯಲ್ ಪಂಪ್. ಟ್ಯಾಂಕಲ್ಲಿರೋ ಪೆಟ್ರೋಲನ್ನ ಇಂಜಿನ್ನಿಗೆ ತಲುಪಿಸೋದು ಅದರ ಕೆಲಸ, ಇನ್ನೇನೂ ಇಲ್ಲ. ಆದ್ರೆ ಅದನ್ನ ಕಾರಿನಲ್ಲಿ ಎಲ್ಲಿಡಬೇಕು ಅನ್ನೋ ಪ್ರಶ್ನೆಗೆ ಕಾರು ತಯಾರಿಸುವವರು ಸುಮಾರು ನೂರು ವರ್ಷದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಸೀಟಿನ ಹತ್ತಿರ ಇಟ್ಟಿದ್ದಾರೆ, ಇಂಜಿನ್ ಮೈಗೇ ಅಂಟಿಸಿದ್ದಾರೆ, ಹಿಂದಿನ ಚಕ್ರದ ಪಕ್ಕ ಕಟ್ಟಿದ್ದಾರೆ, ಕೊನೆಗೆ ಟ್ಯಾಂಕಿನೊಳಗೇ ಮುಳುಗಿಸಿದ್ದಾರೆ. ಇವತ್ತು ತಾತನ ಕಾರನ್ನ ಮತ್ತೆ ರಸ್ತೆಗೆ ತರೋಕೆ ಹೊರಟ ಹುಡುಗರು ಇದೇ ಪ್ರಶ್ನೆಯ ಮುಂದೆ ಬಂದು ನಿಲ್ತಾರೆ. ತಪ್ಪು ಜಾಗಕ್ಕೆ ಹಾಕಿದ್ರೆ ಗಾಡಿ ದಾರಿಯಲ್ಲಿ ನಿಲ್ಲುತ್ತೆ, ಅದು ಸಣ್ಣ ತೊಂದರೆ. ದೊಡ್ಡ ತೊಂದರೆ ಅಂದ್ರೆ ಬೆಂಕಿ.

ಮೊದಲು ಒಂದೇ ಒಂದು ವಿಜ್ಞಾನದ ಮಾತು ಹೇಳಿ ಮುಗಿಸ್ತೀನಿ. ಎಳನೀರಿಗೆ ಸ್ಟ್ರಾ ಹಾಕಿ ಕುಡೀತೀವಲ್ಲ, ಆಗ ನಾವು ನೀರನ್ನ ಎಳೀತಿದೀವಿ ಅಂದ್ಕೋತೀವಿ. ನಿಜವಾಗಿ ನಾವು ಮಾಡೋದು ಸ್ಟ್ರಾ ಒಳಗಿನ ಒತ್ತಡ ಕಡಿಮೆ ಮಾಡೋದಷ್ಟೇ. ಹೊರಗಿನ ಗಾಳಿ ನೀರನ್ನ ಮೇಲಕ್ಕೆ ತಳ್ಳುತ್ತೆ. ಪಂಪ್ ಪೆಟ್ರೋಲನ್ನ ಎಳೆಯೋದೂ ಹೀಗೇ. ಆದ್ರೆ ಎಳನೀರಿಗಿಲ್ಲದ ಒಂದು ಕೆಟ್ಟ ಗುಣ ಪೆಟ್ರೋಲಿಗಿದೆ. ಅದು ಒಂದೇ ದ್ರವ ಅಲ್ಲ, ಹತ್ತಾರು ದ್ರವಗಳ ಮಿಶ್ರಣ. ಅದರಲ್ಲಿರೋ ತೀರ ಹಗುರ ಭಾಗಗಳು 35–40 ಡಿಗ್ರಿಯಲ್ಲೇ ಕುದಿಯೋಕೆ ಶುರುಮಾಡುತ್ತವೆ. ಒತ್ತಡ ಇಳಿಸಿದ್ರೆ ಇನ್ನೂ ಬೇಗ ಕುದಿಯುತ್ತವೆ. ಅಂದ್ರೆ ಪೈಪಿನಲ್ಲಿ ಪೆಟ್ರೋಲನ್ನ ಎಳೆದಷ್ಟೂ ಅದು ಆವಿಯಾಗೋಕೆ ನಾವೇ ಸಹಾಯ ಮಾಡಿದ ಹಾಗೆ. ದ್ರವಕ್ಕೆ ಅಂತ ಮಾಡಿದ ಪಂಪಿನ ಬಾಯಿಗೆ ಆವಿ ಬಂದ್ರೆ ಅದು ಸುಮ್ಮನೆ ಒಂದೇ ಗುಳ್ಳೆಯನ್ನ ಹಿಗ್ಗಿಸಿ ಕುಗ್ಗಿಸಿ ಕೂರುತ್ತೆ. ಇಂಜಿನ್ನಿಗೆ ಏನೂ ಹೋಗಲ್ಲ. ತಳ್ಳಿದ್ರೆ ಹೀಗಾಗೋ ಸಾಧ್ಯತೆ ಬಹಳ ಕಡಿಮೆ, ಯಾಕಂದ್ರೆ ಒತ್ತಡದಲ್ಲಿರೋ ದ್ರವ ಅಷ್ಟು ಸುಲಭವಾಗಿ ಕುದಿಯಲ್ಲ. ಮನೆಯ ಕುಕ್ಕರ್ ಒಳಗಿನ ನೀರಿನ ಹಾಗೆ.

ಈಗ ಘಾಟಿ ಕಥೆ ಅರ್ಥ ಆಗುತ್ತೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್. ಬೆಂಗಳೂರಿನಲ್ಲಿ ಸುಮಾರು 91. ಊಟಿಯಲ್ಲಿ ಸುಮಾರು 77. ಮೈಸೂರಿನಿಂದ ಬಂಡೀಪುರ ದಾಟಿ, ಮಸಿನಗುಡಿ ಮೇಲಿಂದ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನ ಹತ್ತೋ ಹಳೇ ಕಾರಿನ ಪರಿಸ್ಥಿತಿ ಯೋಚನೆ ಮಾಡಿ. ಫಸ್ಟ್ ಗೇರು, ನಿಧಾನ ವೇಗ, ಬಾನೆಟ್ ಒಳಗೆ ಗಾಳಿ ಆಡಲ್ಲ, ಇಂಜಿನ್ ಕೆಂಡ. ಮೇಲೆ ಮೇಲೆ ಹೋದ ಹಾಗೆ ಪೆಟ್ರೋಲನ್ನ ಪೈಪಿನೊಳಕ್ಕೆ ತಳ್ಳೋ ಗಾಳಿಯ ಒತ್ತಡವೂ ಕಡಿಮೆ. ಅಲ್ಲೇ ಒದ್ದೆ ಬಟ್ಟೆ ಬೇಕಾಗ್ತಿತ್ತು.

ಶುರುವಿನಲ್ಲಿ ಈ ತಲೆನೋವೇ ಇರಲಿಲ್ಲ, ಯಾಕಂದ್ರೆ ಪಂಪೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕು ಮುಂದಿನ ಸೀಟಿನ ಕೆಳಗಿತ್ತು. ಪೆಟ್ರೋಲು ತನ್ನಷ್ಟಕ್ಕೆ ಇಳಿದು ಕಾರ್ಬುರೇಟರಿಗೆ ಹೋಗ್ತಿತ್ತು. ಕಾರ್ಬುರೇಟರ್ ಇದ್ದ ಹಳೇ ಸ್ಪ್ಲೆಂಡರ್ ಬೈಕ್ ನೆನಪಿದ್ರೆ ಅದೂ ಹೀಗೇ. ಟ್ಯಾಂಕು ಮೇಲೆ, ಇಂಜಿನ್ನು ಕೆಳಗೆ, ನಡುವೆ ಒಂದು ಕಾಕ್. ಮಾಡೆಲ್ ಟಿಗೆ ಒಂದೇ ತೊಂದರೆ. ಟ್ಯಾಂಕಲ್ಲಿ ಪೆಟ್ರೋಲ್ ಕಡಿಮೆ ಇದ್ದು, ಎದುರಿಗೆ ಕಡಿದಾದ ಏರು ಬಂದ್ರೆ ಮೂತಿ ಮೇಲೆದ್ದು ಕಾರ್ಬುರೇಟರ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿಬಿಡ್ತಿತ್ತು. ಆಗ ಜನ ಏನ್ ಮಾಡ್ತಿದ್ರು ಗೊತ್ತಾ? ಕಾರನ್ನ ತಿರುಗಿಸಿ, ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತುತ್ತಿದ್ರು! ಇದು ಕಟ್ಟುಕಥೆ ಅಲ್ಲ. ರಿವರ್ಸಿನಲ್ಲಿ ಎಳೆಯೋ ಶಕ್ತಿಯೂ ಜಾಸ್ತಿ ಇತ್ತು, ಹಾಗಾಗಿ ಎರಡು ರೀತಿಯ ಅನುಕೂಲ.

ಸೀಟಿನ ಕೆಳಗೆ ಪೆಟ್ರೋಲ್ ಇಟ್ಕೊಂಡು ಕೂರೋದು ಯಾರಿಗೂ ಅಷ್ಟು ಇಷ್ಟವಾಗೋ ವಿಷಯ ಅಲ್ಲ. ದೊಡ್ಡ ಕಾರುಗಳಿಗೆ ದೊಡ್ಡ ಟ್ಯಾಂಕು ಬೇಕು, ಅದನ್ನ ಹಿಂದೆ ಇಡಬೇಕು, ಆಗ ಅದು ಇಂಜಿನ್ನಿಗಿಂತ ತಗ್ಗಿನಲ್ಲಿರುತ್ತೆ. ಪೆಟ್ರೋಲ್ ಮೇಲೆ ಬರೋದು ಹೇಗೆ? ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್‌ನಂಥ ಕಾರಿನಲ್ಲಿ ಟ್ಯಾಂಕಿನೊಳಗೆ ಗಾಳಿ ತುಂಬಿಸಿ ಪೆಟ್ರೋಲನ್ನ ಮುಂದಕ್ಕೆ ತಳ್ಳುತ್ತಿದ್ರು. ಹೊರಡೋ ಮುಂಚೆ ಕೈಪಂಪ್ ಹೊಡೀಬೇಕು, ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ. ಅದಾದ ಮೇಲೆ ಬಂದದ್ದು ಆಟೊವ್ಯಾಕ್ ಥರದ ವ್ಯಾಕ್ಯೂಮ್ ಟ್ಯಾಂಕು. ಇಂಜಿನ್ ಉಸಿರೆಳೆಯುವಾಗ ಉಂಟಾಗೋ ಸೆಳೆತವನ್ನೇ ಬಳಸಿ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನ ಮುಂದಿನ ಒಂದು ಪುಟ್ಟ ಟ್ಯಾಂಕಿಗೆ ತರೋದು, ಅಲ್ಲಿಂದ ಅದು ತಾನೇ ಇಳಿಯೋದು. ಜಾಣ ಉಪಾಯ. ಆದ್ರೆ ಉದ್ದದ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಆ ಸೆಳೆತವೇ ಕಡಿಮೆಯಾಗುತ್ತೆ, ಪುಟ್ಟ ಟ್ಯಾಂಕು ಖಾಲಿ. ಡ್ರೈವರು ಮಧ್ಯೆ ಮಧ್ಯೆ ಕಾಲೆತ್ತಿ ಅದು ತುಂಬೋಕೆ ಬಿಡಬೇಕಿತ್ತು. ನೋಡಿ, ಎಲ್ಲಾ ಕಾಲದಲ್ಲೂ ಈ ವಿಷಯದ ಪರೀಕ್ಷೆ ನಡೆದಿರೋದು ಗುಡ್ಡದ ಮೇಲೇ.

1920ರ ದಶಕದ ಕೊನೆಗೆ ಒಂದು ಪಂಪ್ ಬಂತು. ಅದರ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಇದೆ: ಎಸಿ ಪಂಪ್. ಏರ್ ಕಂಡೀಷನ್ ಅಲ್ಲ ಮತ್ತೆ. ಎಸಿ ಅಂದ್ರೆ ಆಲ್ಬರ್ಟ್ ಚಾಂಪಿಯನ್ ಅನ್ನೋ ಮನುಷ್ಯನ ಹೆಸರಿನ ಮೊದಲ ಎರಡು ಅಕ್ಷರ. ಫ್ರಾನ್ಸಿನವನು, ಮೂಲತಃ ಸೈಕಲ್ ರೇಸರ್, 1899ರ ಪ್ಯಾರಿಸ್–ರೂಬೆ ರೇಸ್ ಗೆದ್ದವನು. ಅಮೆರಿಕಕ್ಕೆ ಹೋಗಿ ಸ್ಪಾರ್ಕ್ ಪ್ಲಗ್ ಮಾಡೋಕೆ ಶುರುಮಾಡಿದ. ಅವನ ಹೆಸರಿನ ಕಂಪನಿಯ ಪಂಪು ಎಷ್ಟು ಸರಳ ಅಂದ್ರೆ, ಇಂಜಿನ್ನಿನ ಕ್ಯಾಮ್‌ಶಾಫ್ಟ್ ತಿರುಗಿದಾಗ ಒಂದು ಲಿವರ್ ಮೇಲೆ ಕೆಳಗೆ ಆಡುತ್ತೆ, ಲಿವರ್ ಒಂದು ಬಟ್ಟೆ-ರಬ್ಬರಿನ ಪರದೆಯನ್ನ ಎಳೆಯುತ್ತೆ, ಎರಡು ವಾಲ್ವ್ ಪೆಟ್ರೋಲನ್ನ ಒಂದೇ ದಿಕ್ಕಿಗೆ ಬಿಡುತ್ತವೆ. ಕರೆಂಟ್ ಬೇಡ, ವೈರ್ ಬೇಡ. ಅಗ್ಗ. ಮೂವತ್ತರ ದಶಕದಲ್ಲಿ ಅಮೆರಿಕದ ಹೆಚ್ಚಿನ ಕಾರುಗಳಿಗೆ ಇಂಥದ್ದೇ ಪಂಪ್ ಬಂತು.

ಆದ್ರೆ ಕ್ಯಾಮ್‌ಶಾಫ್ಟಿನಿಂದ ಓಡಬೇಕು ಅಂದ್ರೆ ಅದು ಇಂಜಿನ್ ಮೈಗೇ ಅಂಟಿರಬೇಕು. ಅಂದ್ರೆ ಇಡೀ ಕಾರಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ಟ್ಯಾಂಕಿನಿಂದ ಎಲ್ಲಕ್ಕಿಂತ ದೂರದಲ್ಲಿ. ಪಂಪಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕೋದು ಕಷ್ಟ ಅಂತ ನನ್ನ ಅಭಿಪ್ರಾಯ. 1932ರ ಫೋರ್ಡ್ ವಿ8 ಇಂಜಿನ್ನಿನಲ್ಲಂತೂ ಪಂಪನ್ನ ಇಂಜಿನ್ ಮೇಲ್ಗಡೆ, ಹಿಂಭಾಗದಲ್ಲಿ ಕೂರಿಸಿದ್ರು. ಕೆಳಗಿನಿಂದ ಏಳೋ ಕಾವೆಲ್ಲ ಅದಕ್ಕೇ. ಬಿಸಿಲಿನ ದಿನ ಆ ಕಾರುಗಳು ವೇಪರ್ ಲಾಕ್‌ಗೆ ಹೆಸರುವಾಸಿ. ಅಮೆರಿಕದ ಜನ ಪೆಟ್ರೋಲ್ ಪೈಪಿಗೆ ಬಟ್ಟೆ ಒಣಹಾಕೋ ಮರದ ಕ್ಲಿಪ್ಪುಗಳನ್ನ ಸಾಲಾಗಿ ಸಿಕ್ಕಿಸ್ತಿದ್ರು, ಕಾವು ತಗ್ಗುತ್ತೆ ಅಂತ. ನಮ್ಮ ಒದ್ದೆ ಟವೆಲ್ ಅದಕ್ಕಿಂತ ಬುದ್ಧಿವಂತ ಉಪಾಯ ಅನ್ನಿಸುತ್ತೆ ನನಗೆ. ನೀರು ಆರುವಾಗ ಕಾವನ್ನ ನಿಜವಾಗ್ಲೂ ಹೊತ್ಕೊಂಡು ಹೋಗುತ್ತೆ.

ಹಾಗಾದ್ರೆ ಇಷ್ಟು ಕೆಟ್ಟ ಜಾಗದಲ್ಲಿ ಅರವತ್ತು ಎಪ್ಪತ್ತು ವರ್ಷ ಯಾಕೆ ಇಟ್ರು? ಅಗ್ಗ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣವನ್ನ ಯಾರೂ ಅಷ್ಟಾಗಿ ಹೇಳಲ್ಲ, ಆದ್ರೆ ಅದೇ ಮುಖ್ಯ. ಇಂಜಿನ್ ನಿಂತ್ರೆ ಈ ಪಂಪೂ ನಿಲ್ಲುತ್ತೆ. ಅಪಘಾತ ಆಯ್ತು, ಇಂಜಿನ್ ಬಂದ್ ಆಯ್ತು, ಪೆಟ್ರೋಲ್ ಹರಿಯೋದೂ ಬಂದ್. ಇನ್ನೂ ಒಂದಿದೆ. ಟ್ಯಾಂಕಿನಿಂದ ಇಂಜಿನ್ನಿನವರೆಗಿನ ಉದ್ದ ಪೈಪಿನಲ್ಲಿ ಎಳೆಯೋ ಒತ್ತಡ ಇರೋದರಿಂದ ಎಲ್ಲಾದ್ರೂ ಸಣ್ಣ ತೂತು ಬಿದ್ರೆ ಗಾಡಿ ಓಡುವಾಗ ಹೊರಗಿನ ಗಾಳಿ ಒಳಗೆ ಹೋಗುತ್ತೆ, ಪೆಟ್ರೋಲ್ ಹೊರಗೆ ಚಿಮ್ಮಲ್ಲ. ಗಾಡಿ ಮಿಸ್ಸಿಂಗ್ ಹೊಡೆದು ನಿಲ್ಲುತ್ತೆ ಅಷ್ಟೆ. ತಳ್ಳೋ ಪಂಪಿನಲ್ಲಿ ಇದು ಉಲ್ಟಾ. ಅದೇ ತೂತಿನಿಂದ ಪೆಟ್ರೋಲ್ ಪಿಚಕಾರಿ ಥರ ಬರುತ್ತೆ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಇಂಗ್ಲೆಂಡಿಗೆ ಹೋಗೋಣ, ಯಾಕಂದ್ರೆ ಈ ಜಾಗದ ಪ್ರಶ್ನೆಗೆ ಅತ್ಯಂತ ಸೊಗಸಾದ ಉತ್ತರ ಅಲ್ಲಿದೆ. ಎಸ್‌ಯು ಅನ್ನೋ ಕಂಪನಿ. ಎಸ್‌ಯು ಅಂದ್ರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಮನೆತನದವರದ್ದು ಮೂಲತಃ ಚಪ್ಪಲಿ, ಬೂಟಿನ ವ್ಯಾಪಾರ. ಅದಕ್ಕೇ ಇರಬೇಕು, ಅವರ ಮೊದಲ ಕಾರ್ಬುರೇಟರ್‌ಗಳಲ್ಲಿ ಚರ್ಮದ ತಿದಿ ಇತ್ತು! 1926ರಲ್ಲಿ ಮೋರಿಸ್ ಕಾರುಗಳ ಒಡೆಯ ವಿಲಿಯಂ ಮೋರಿಸ್ ಈ ಕಂಪನಿಯನ್ನ ಕೊಂಡುಕೊಂಡ. ಮುಂದೆ ಇವರ ಕರೆಂಟ್ ಪಂಪು ಬ್ರಿಟಿಷ್ ಕಾರುಗಳ ತುಂಬಾ ಬಂತು.

ಅದರ ಒಳಗಿನ ಕೆಲಸ ಕೇಳಿ. ಕರೆಂಟ್ ಹರಿದಾಗ ಒಂದು ಅಯಸ್ಕಾಂತ ಪರದೆಯನ್ನ ಹಿಂದಕ್ಕೆ ಎಳೆಯುತ್ತೆ, ಪೆಟ್ರೋಲ್ ಒಳಗೆ ಬರುತ್ತೆ. ಪೂರ್ತಿ ಎಳೆದ ಕೂಡಲೇ ಪಾಯಿಂಟ್ ಬಿಟ್ಟುಹೋಗಿ ಕರೆಂಟ್ ಕಟ್. ಆಗ ಒಂದು ಸ್ಪ್ರಿಂಗ್ ಪರದೆಯನ್ನ ಮುಂದಕ್ಕೆ ದೂಡಿ ಪೆಟ್ರೋಲನ್ನ ಹೊರಗೆ ಕಳಿಸುತ್ತೆ. ಮತ್ತೆ ಪಾಯಿಂಟ್ ಕೂಡುತ್ತೆ. ಟಿಕ್, ಟಿಕ್, ಟಿಕ್. ಕಾರ್ಬುರೇಟರ್ ತುಂಬಿದ ಮೇಲೆ ಅದರ ಬಾಯಿ ಮುಚ್ಚಿಕೊಳ್ಳುತ್ತೆ, ಸ್ಪ್ರಿಂಗಿಗೆ ದೂಡೋಕೆ ಜಾಗ ಇಲ್ಲ, ಪಂಪ್ ತಾನಾಗಿ ನಿಲ್ಲುತ್ತೆ. ಒತ್ತಡ ಎಷ್ಟಿರಬೇಕು ಅನ್ನೋದನ್ನ ಆ ಸ್ಪ್ರಿಂಗೇ ನಿರ್ಧಾರ ಮಾಡೋದು. ಬೇರೆ ರೆಗ್ಯುಲೇಟರ್ ಬೇಕಾಗಿಲ್ಲ.

ಕರೆಂಟಿನಿಂದ ಓಡೋದರಿಂದ ಇದನ್ನ ಎಲ್ಲಿ ಬೇಕಾದ್ರೂ ಇಡಬಹುದು. ಇಲ್ಲೇ ಇರೋದು ಸ್ವಾರಸ್ಯ. ಎಸ್‌ಯು ಒಂದೇ ಪಂಪ್ ಮಾಡಿ ಎಲ್ಲಿ ಬೇಕಾದ್ರೂ ಹಾಕ್ಕೊಳ್ಳಿ ಅನ್ನಲಿಲ್ಲ. ಎರಡು ಬಗೆ ಮಾಡಿದ್ರು. ಎಲ್ ಟೈಪ್ ಅನ್ನೋದು ಬಾನೆಟ್ ಒಳಗೆ ಕೂರೋಕೆ. ಅದಕ್ಕೆ ಎಳೆಯೋ ಶಕ್ತಿ ಚೆನ್ನಾಗಿದೆ, ತಳ್ಳೋ ಶಕ್ತಿ ಸಾಧಾರಣ, ಯಾಕಂದ್ರೆ ಕಾರ್ಬುರೇಟರ್ ಪಕ್ಕದಲ್ಲೇ ಇದೆ. ಎಚ್‌ಪಿ ಟೈಪ್ ಅನ್ನೋದು ಟ್ಯಾಂಕಿನ ಹತ್ತಿರ ಕೂರೋಕೆ. ಅದು ಇಡೀ ಕಾರಿನ ಉದ್ದಕ್ಕೂ ತಳ್ಳಬೇಕು, ಅದಕ್ಕೆ ಸ್ಪ್ರಿಂಗ್ ಬಿಗಿ, ಕಾಯಿಲ್ ದೊಡ್ಡದು. 1948ರಲ್ಲಿ ಬಂದ, ಅಲೆಕ್ ಇಸಿಗೋನಿಸ್ ರೂಪಿಸಿದ ಮೋರಿಸ್ ಮೈನರ್ ಕಾರಿನಲ್ಲಿ ಎಲ್ ಟೈಪ್ ಪಂಪ್ ಇಂಜಿನ್ ಹಿಂದಿನ ತಗಡಿನ ಗೋಡೆಯ ಮೇಲಿದೆ. 1945ರ ಎಂಜಿ ಟಿಸಿಯಲ್ಲೂ ಅದೇ ಗೋಡೆಯ ಮೇಲೆ. ಆದ್ರೆ 1955ರ ಎಂಜಿಎ ಹೊತ್ತಿಗೆ ಪಂಪ್ ಹಿಂದಕ್ಕೆ ಹೋಗಿದೆ, ಎಚ್‌ಪಿ ಆಗಿದೆ. ಕಾರುಗಳ ವೇಗ ಹೆಚ್ಚಿತ್ತು, ಬಾನೆಟ್ ಒಳಗಿನ ಕಾವು ಹೆಚ್ಚಿತ್ತು, ಎಳೆಯೋದಕ್ಕಿಂತ ತಳ್ಳೋದೇ ವಾಸಿ ಅಂತ ಹತ್ತೇ ವರ್ಷದಲ್ಲಿ ಇಂಜಿನಿಯರುಗಳು ಮನಸ್ಸು ಬದಲಾಯಿಸಿದ್ರು.

ಹಿಂದಕ್ಕೆ ಹೋದ ಮೇಲೆ ಹೊಸ ಕಾಟ. ರಸ್ತೆಯ ನೀರು, ಕೆಸರು ಪಾಯಿಂಟಿಗೆ ಬಡಿಯೋಕೆ ಶುರುವಾಯ್ತು. ಪಂಪ್ ಹಠ ಹಿಡಿದು ನಿಂತಾಗ ಸ್ಪ್ಯಾನರಿನಿಂದ ಒಂದು ತಟ್ಟೋದು ಬ್ರಿಟಿಷ್ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರೋ ವಿದ್ಯೆ. ಎಂಜಿಬಿ ಕಾರಿನ ನಂತರದ ವರ್ಷಗಳಲ್ಲಿ ಅದಕ್ಕೇ ಪಂಪಿನ ಪೆಟ್ರೋಲ್ ಭಾಗ ಹೊರಗೆ, ಕರೆಂಟ್ ಭಾಗ ಡಿಕ್ಕಿ ಒಳಗೆ ಬರೋ ಹಾಗೆ ಗೋಡೆಯಲ್ಲಿ ತೂರಿಸಿ ಕೂರಿಸಿದ್ರು. ಇಂಥ ಸಣ್ಣ ಬದಲಾವಣೆ ನೋಡಿದ್ರೆ ನನಗೆ ಯಾಕೋ ಖುಷಿಯಾಗುತ್ತೆ. ಯಾರೋ ಒಬ್ಬ ಇಂಜಿನಿಯರ್ ದೂರುಗಳನ್ನ ನಿಜವಾಗ್ಲೂ ಓದಿದಾನೆ ಅನ್ನಿಸುತ್ತೆ.

ಜಾಗ್ವಾರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. 1961ರ ಮೊದಲ ಇ-ಟೈಪ್ ಕಾರಿನಲ್ಲಿ ಲೂಕಸ್ ಕಂಪನಿಯ ಪಂಪು ಟ್ಯಾಂಕಿನೊಳಗೇ ಮುಳುಗಿತ್ತು. ಇವತ್ತಿನ ಹೆಚ್ಚಿನ ಪೆಟ್ರೋಲ್ ಕಾರುಗಳ ಹಾಗೆ! ಆದ್ರೆ 1964ರಲ್ಲಿ 4.2 ಲೀಟರ್ ಇಂಜಿನ್ ಬಂದಾಗ ಅದನ್ನ ಬಿಟ್ಟು ಹೊರಗಿನ ಎಸ್‌ಯು ಪಂಪಿಗೇ ವಾಪಸ್ ಬಂದ್ರು. ಒಳ್ಳೇ ಯೋಚನೆ ತನ್ನ ಕಾಲಕ್ಕಿಂತ ಮುಂಚೆ ಬಂದುಬಿಟ್ಟಿತ್ತು. ಅದಕ್ಕೆ ಕಾಲ ಕೂಡಿ ಬಂದದ್ದು ಫ್ಯೂಯಲ್ ಇಂಜೆಕ್ಷನ್ ಬಂದಾಗ. ಕಾರ್ಬುರೇಟರಿಗೆ ಎರಡು ಮೂರು ಪಿಎಸ್‌ಐ ಒತ್ತಡ ಸಾಕು. ನೀವು ಕಾರಿನ ಟೈರಿಗೆ ಹಾಕಿಸೋ ಗಾಳಿಯೇ 30ರ ಮೇಲಿರುತ್ತೆ, ಹೋಲಿಸಿ ನೋಡಿ. ಇಂಜೆಕ್ಷನ್ನಿಗೆ 40–50 ಬೇಕು. ಅಷ್ಟು ತಳ್ಳೋ ಪಂಪ್ ಬಿಸಿಯಾಗುತ್ತೆ, ಸುತ್ತ ಇರೋ ಪೆಟ್ರೋಲೇ ಅದನ್ನ ತಣ್ಣಗಿಡುತ್ತೆ. ನಿಮ್ಮ ಬಿಎಸ್6 ಬೈಕಿನ ಕೀ ತಿರುಗಿಸಿದ ಕೂಡಲೇ ಟ್ಯಾಂಕಿನಿಂದ ‘ಜುಯ್’ ಅಂತ ಒಂದು ಸದ್ದು ಬರುತ್ತಲ್ಲ, ಅದು ಇದೇ. ಯಾವಾಗ್ಲೂ ರಿಸರ್ವಿನಲ್ಲೇ ಓಡಿಸಬೇಡಿ ಅಂತ ಹೇಳೋದೂ ಇದಕ್ಕೇ.

ಸರಿ, ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಮೈಸೂರಿನಲ್ಲಿ ನನ್ನ ಗೆಳೆಯನೊಬ್ಬ ತನ್ನ ತಾತನ ಪ್ರೀಮಿಯರ್ ಪದ್ಮಿನಿಯನ್ನ ಸರಿಮಾಡಿಸ್ತಾ ಇದಾನೆ. ಪದ್ಮಿನಿ ಅಂದ್ರೆ ಇಟಲಿಯ ಫಿಯಟ್ 1100, ಮುಂಬೈ ಕುರ್ಲಾದಲ್ಲಿ ತಯಾರಾಗ್ತಿದ್ದದ್ದು. ಟ್ಯಾಂಕು ಹಿಂದೆ, ಪಂಪ್ ಇಂಜಿನ್ ಮೈಮೇಲೆ. ಪೇಂಟಿಂಗ್ ಆಯ್ತು, ಸೀಟು ಆಯ್ತು. ಪಂಪ್ ವಿಷಯಕ್ಕೆ ಬಂದಾಗ ಚರ್ಚೆ. ಹುಡುಗನಿಗೆ ಆನ್‌ಲೈನಿನಲ್ಲಿ ಸಿಗೋ ಕರೆಂಟ್ ಪಂಪ್ ಬೇಕು, ಅದೂ ಬಾನೆಟ್ ಒಳಗೆ, ವೈರ್ ಎಳೆಯೋದು ಸುಲಭ ಅಂತ. ಗ್ಯಾರೇಜಿನ ಹಿರಿಯ ಮೇಸ್ತ್ರಿ ಕನ್ನಡಕ ಮೇಲೆತ್ತಿ, “ಏನಪ್ಪಾ, ಬೆಂಕಿ ಪಕ್ಕ ಇರೋದನ್ನ ತೆಗೆದು ಮತ್ತೆ ಬೆಂಕಿ ಪಕ್ಕಾನೇ ಇಡ್ತೀಯಾ?” ಅಂದ್ರು. “ಹಾಗಾದ್ರೆ ಎಲ್ಲಿ ಇಡೋದು ಮೇಸ್ತ್ರಿ?” ಅಂದ್ರೆ, “ಮೊದಲು ಹಳೇದು ಯಾಕೆ ಕೆಟ್ಟಿದೆ ನೋಡು” ಅಂದ್ರು.

ನೋಡಿದ್ರೆ ಪಂಪಿಗೂ ಇಂಜಿನ್ನಿಗೂ ನಡುವೆ ಇರಬೇಕಿದ್ದ ದಪ್ಪ ಬೇಕಲೈಟ್ ತುಂಡೇ ಇರಲಿಲ್ಲ. ಯಾವಾಗ್ಲೋ ಯಾರೋ ಬಿಚ್ಚಿದಾಗ ಒಡೆದುಹೋಗಿ, ಬರೀ ಪೇಪರ್ ಪ್ಯಾಕಿಂಗ್ ಹಾಕಿ ಬಿಗಿದಿದ್ರು. ಆ ತುಂಡು ಅಲ್ಲಿರೋದು ಇಂಜಿನ್ ಕಾವು ಪಂಪಿಗೆ ದಾಟದೆ ಇರ್ಲಿ ಅಂತ. ಲಿವರ್ ಎಷ್ಟು ಆಡಬೇಕು ಅನ್ನೋ ಅಳತೆಯೂ ಅದರ ದಪ್ಪದ ಮೇಲೇ ನಿಂತಿದೆ. ಇನ್ನು ಟ್ಯಾಂಕಿನ ಹತ್ತಿರದ ರಬ್ಬರ್ ಪೈಪು ಬೆರಳಿನಿಂದ ಬಗ್ಗಿಸಿದ್ರೆ ಬಿರುಕು ಬಿಡ್ತಿತ್ತು. ಅಲ್ಲಿಂದ ಗಾಳಿ ಎಳೀತಾ ಇತ್ತು. ‘ಪಂಪ್ ಹೋಗಿದೆ’ ಅಂತ ತೀರ್ಪು ಕೊಡೋ ಮುಂಚೆ ಈ ಎರಡನ್ನ ನೋಡಿ. ಒಂದು ಹೊಸ ಪೈಪ್, ಒಂದು ಬೇಕಲೈಟ್ ತುಂಡು, ಒಂದು ಹೊಸ ಡಯಾಫ್ರಮ್, ಇಷ್ಟರಲ್ಲೇ ಎಷ್ಟೋ ಗಾಡಿಗಳ ಕಾಯಿಲೆ ವಾಸಿಯಾಗುತ್ತೆ. ಊರೊಳಗೆ ಭಾನುವಾರ ಓಡಿಸೋಕೆ, ಮೆರವಣಿಗೆಗೆ ಹೋಗೋಕೆ ಮಾತ್ರ ಗಾಡಿ ಬೇಕಿದ್ರೆ ಇಂಜಿನ್ ಮೇಲಿನ ಮೂಲ ಪಂಪೇ ಇರ್ಲಿ ಅಂತ ನಾನು ಹೇಳ್ತೀನಿ.

ಆದ್ರೆ ಗೆಳೆಯನಿಗೆ ಊಟಿಗೆ ಹೋಗಬೇಕು, ಅದೂ ಮೇ ತಿಂಗಳಲ್ಲಿ. ಜೊತೆಗೆ ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತೆ. 2025ಕ್ಕೆ ದೇಶದಾದ್ಯಂತ ಆ ಮಟ್ಟ ಮುಟ್ಟಿದೆ. ಪದ್ಮಿನಿ ತಯಾರಾದ ಕಾಲದ ರಬ್ಬರು ಇದಕ್ಕೆ ಅಂತ ಮಾಡಿದ್ದಲ್ಲ, ಉಬ್ಬುತ್ತೆ, ಮೆತ್ತಗಾಗುತ್ತೆ, ಬಿರಿಯುತ್ತೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಅಂಟಿದ್ದ ಕೊಳೆಯನ್ನ ಎಥನಾಲ್ ಬಿಡಿಸಿ ಮುಂದಕ್ಕೆ ಕಳಿಸುತ್ತೆ. ಹಾಗಾಗಿ ಹಳೇ ಡಯಾಫ್ರಮ್, ಹಳೇ ಪೈಪ್ ಯಾವುದನ್ನೂ ‘ಇನ್ನೂ ಚೆನ್ನಾಗಿದೆ’ ಅಂತ ಬಿಡೋ ಹಾಗಿಲ್ಲ. ಎಥನಾಲ್ ತಡೆಯೋ ಪೈಪನ್ನೇ ಕೇಳಿ ತರಬೇಕು.

ಕರೆಂಟ್ ಪಂಪ್ ಹಾಕೋದೇ ಆದ್ರೆ ಜಾಗ ಟ್ಯಾಂಕಿನ ಹತ್ತಿರ. ‘ಹಿಂದೆ’ ಅಂತ ಹೇಳ್ತಿಲ್ಲ, ‘ಟ್ಯಾಂಕಿನ ಹತ್ತಿರ’ ಅಂತಿದೀನಿ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಟ್ಯಾಂಕು ಮುಂದಿದೆ, ಇಂಜಿನ್ ಹಿಂದಿದೆ, ಅಲ್ಲಿ ಪಂಪೂ ಮುಂದೇ ಇರಬೇಕು. ಎತ್ತರ ಎಷ್ಟು? ಟ್ಯಾಂಕಿನ ತಳದ ಮಟ್ಟಕ್ಕೆ, ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ. ಈಗ ಸಿಗೋ ತಿರುಗೋ ಪಂಪುಗಳಿಗೆ ಎಳೆಯೋ ತಾಕತ್ತು ಕಡಿಮೆ, ಪೆಟ್ರೋಲ್ ತಾನಾಗೇ ಅವುಗಳ ಬಾಯಿಗೆ ಬಂದು ಬೀಳಬೇಕು. ಹಾಗಂತ ಚಾಸಿಗಿಂತ ಕೆಳಗೆ ನೇತಾಡಿಸಿದ್ರೆ ಮೊದಲ ಹಂಪ್ ಸವರಿಕೊಂಡು ಹೋಗುತ್ತೆ. ಸೈಲೆನ್ಸರ್ ಇರೋ ಬದಿ ಬೇಡ. ಡಿಕ್ಕಿ ಒಳಗೂ ಬೇಡ, ಸೋರಿದ್ರೆ ಆವಿ ಅಲ್ಲೇ ತುಂಬಿಕೊಳ್ಳುತ್ತೆ. ಹಿಂದಿನಿಂದ ಯಾರಾದ್ರೂ ಗುದ್ದಿದ್ರೆ ಮೊದಲು ನಜ್ಜುಗುಜ್ಜಾಗೋ ಬಂಪರ್ ಕಡೆಯೂ ಬೇಡ. ಟ್ಯಾಂಕಿಗೂ ಪಂಪಿಗೂ ನಡುವೆ ದೊಡ್ಡ ಕಣ್ಣಿನ ಫಿಲ್ಟರ್, ಪಂಪ್ ಆದ ಮೇಲೆ ಸಣ್ಣ ಕಣ್ಣಿನದ್ದು. ಚಾಸಿಗೆ ಕೂರಿಸುವಾಗ ನಡುವೆ ರಬ್ಬರ್ ಬುಷ್, ಇಲ್ಲಾಂದ್ರೆ ಇಡೀ ಗಾಡಿ ಗುಯ್ಗುಡುತ್ತೆ. ಮತ್ತೆ ಒತ್ತಡ ನೋಡಿ ತಗೊಳ್ಳಿ. ಇಂಜೆಕ್ಷನ್ ಕಾರಿನ ಪಂಪನ್ನ ಗುಜರಿಯಿಂದ ತಂದು ಕಾರ್ಬುರೇಟರ್ ಗಾಡಿಗೆ ಹಾಕಿದ್ರೆ ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಸುರಿಯುತ್ತೆ.

ಕೆಲವರು ಎರಡೂ ಇರ್ಲಿ ಅಂತಾರೆ. ಹಿಂದೆ ಕರೆಂಟ್ ಪಂಪ್, ಅದು ಮುಂದಿನ ಹಳೇ ಪಂಪಿನ ಮೂಲಕವೇ ಕಾರ್ಬುರೇಟರಿಗೆ. ಇದನ್ನ ನಾನು ಒಪ್ಪಲ್ಲ. ಹಳೇ ಪಂಪಿನ ಡಯಾಫ್ರಮ್ ಹರಿದ್ರೆ ಹಿಂದಿನ ಪಂಪ್ ಪೆಟ್ರೋಲನ್ನ ಆ ಹರಿದ ಜಾಗದಿಂದ ನೇರವಾಗಿ ಇಂಜಿನ್ ಆಯಿಲ್ ಒಳಗೆ ತಳ್ತಾ ಹೋಗುತ್ತೆ. ಆಯಿಲ್ ತೆಳುವಾಗಿ ಬೇರಿಂಗ್ ಹೋಗುತ್ತೆ. ಅದೃಷ್ಟ ಕೆಟ್ಟಿದ್ರೆ ಇಂಜಿನ್ ಹೊಟ್ಟೆಯೊಳಗೆ ಪೆಟ್ರೋಲ್ ಆವಿ ತುಂಬಿ ಇನ್ನೂ ದೊಡ್ಡ ಅನಾಹುತ. ಹಿಂದಿನದ್ದು ಹಾಕಿದ್ರೆ ಮುಂದಿನದ್ದನ್ನ ದಾರಿಯಿಂದ ಪೂರ್ತಿ ತೆಗೀಬೇಕು. ಆ ತೂತಿಗೆ ತಗಡಿನ ಪ್ಲೇಟ್ ಹಾಕಿ ಮುಚ್ಚಿ, ಹಳೇ ಪಂಪನ್ನ ಎಣ್ಣೆ ಹಚ್ಚಿ ಡಬ್ಬಿಯಲ್ಲಿಡಿ, ಮಾರಬೇಡಿ. ಮುಂದೆ ಯಾರಿಗಾದ್ರೂ ಗಾಡಿಯನ್ನ ಮೂಲ ರೂಪಕ್ಕೆ ತರಬೇಕು ಅನ್ನಿಸಿದ್ರೆ ನಾಲ್ಕು ಬೋಲ್ಟಿನ ಕೆಲಸ ಆಗಿರ್ಬೇಕು. ಚಾಸಿಗೆ ಹೊಸ ತೂತು ಕೊರೆಯದೆ, ಇರೋ ತೂತಿಗೇ ಕ್ಲಾಂಪ್ ಹಾಕೋದೂ ಇದೇ ಕಾರಣಕ್ಕೆ.

ಮೋರಿಸ್ ಮೈನರ್ ಇರೋರಿಗೆ ನನ್ನ ಮಾತು ಪೂರ್ತಿ ಉಲ್ಟಾ. ಅಲ್ಲಿ ಪಂಪನ್ನ ಹಿಂದಕ್ಕೆ ಸಾಗಿಸಬೇಡಿ. ಎಲ್ ಟೈಪ್ ಪಂಪು ಆ ತಗಡಿನ ಗೋಡೆಗೇ ಅಂತ ಹುಟ್ಟಿದ್ದು, ಹಿಂದೆ ಕೂರಿಸಿದ್ರೆ ಮುಂದಿನವರೆಗೆ ತಳ್ಳೋಕೆ ಅದಕ್ಕೆ ಶಕ್ತಿ ಸಾಲಲ್ಲ. ಹಾಗೇ ಎಂಜಿಎ ಪಂಪನ್ನ ತಂದು ಮೈನರ್ ಬಾನೆಟ್ ಒಳಗೆ ಹಾಕಿದ್ರೆ ಎಳೆಯೋದು ಕಷ್ಟ. ನೋಡೋಕೆ ಎರಡೂ ಅಣ್ಣ-ತಮ್ಮಂದಿರ ಹಾಗಿವೆ, ಎಚ್‌ಪಿಯ ಕಾಯಿಲ್ ಡಬ್ಬಿ ಸ್ವಲ್ಪ ಉದ್ದ. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವಾಗ ಅಷ್ಟು ಅಳೆದು ನೋಡಿ.

ಇನ್ನು ಕೊನೆಯದು, ಆಗ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಆ ಪಿಚಕಾರಿ ವಿಷಯ. ಹಿಂದಿನಿಂದ ತಳ್ಳೋ ಪಂಪ್ ಹಾಕಿದ ದಿನದಿಂದ ನಿಮ್ಮ ಕಾಲಿನ ಕೆಳಗೆ ಹಾದುಹೋಗೋ ಇಡೀ ಪೈಪು ಒತ್ತಡದಲ್ಲಿರುತ್ತೆ. ಅಪಘಾತವಾಗಿ ಇಂಜಿನ್ ನಿಂತ್ರೂ ಕೀ ಆನ್ ಇದ್ರೆ ಪಂಪ್ ಕೆಲಸ ಮಾಡ್ತಾನೇ ಇರುತ್ತೆ. ಮೂಲ ಪಂಪು ತಾನಾಗೇ ಕೊಡ್ತಿದ್ದ ರಕ್ಷಣೆಯನ್ನ ಈಗ ನೀವು ಕೈಯಾರೆ ಕಟ್ಟಬೇಕು. ಅದಕ್ಕೆ ಇನರ್ಷಿಯಾ ಸ್ವಿಚ್ ಅಂತಿದೆ. ಗಾಡಿಗೆ ಜೋರಾಗಿ ಪೆಟ್ಟು ಬಿದ್ರೆ ಒಳಗಿನ ಉಕ್ಕಿನ ಗುಂಡು ಜಾಗ ತಪ್ಪಿ ಪಂಪಿನ ಕರೆಂಟ್ ಕಟ್ ಮಾಡುತ್ತೆ. ಫೋರ್ಡ್ ಕಾರುಗಳಲ್ಲಿ ಇದು ಬಹಳ ವರ್ಷ ಬರ್ತಿತ್ತು, ಗುಜರಿಯಲ್ಲಿ ಸಿಗುತ್ತೆ. ಇನ್ನೊಂದು ದಾರಿ, ಆಯಿಲ್ ಪ್ರೆಶರ್ ಇದ್ರೆ ಮಾತ್ರ ಪಂಪಿಗೆ ಕರೆಂಟ್ ಹೋಗೋ ಸ್ವಿಚ್. ಗೆಳೆಯ ಎರಡನ್ನೂ ಹಾಕಿಸಿದ. ಪಂಪಿನ ಬೆಲೆ ಮುಂದೆ ಅದು ಏನೂ ಅಲ್ಲ.

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡೋ ಮುಂಚೆ ಒಂದು ಸಣ್ಣ ಪರೀಕ್ಷೆ ಇದೆ. ಗ್ಯಾರೇಜಿನ ಬಾಗಿಲು ತೆಗೆದಿಡಿ. ಪಂಪಿಗೆ ಕರೆಂಟ್ ಕೊಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಎಸ್‌ಯು ಪಂಪಾದ್ರೆ ಮೊದಲು ಬೇಗ ಬೇಗ ಟಿಕ್ ಟಿಕ್ ಅನ್ನುತ್ತೆ, ಆಮೇಲೆ ನಿಧಾನವಾಗಿ, ಆಮೇಲೆ ಸುಮ್ಮನಾಗುತ್ತೆ. ಸುಮ್ಮನಾಗದೆ ಟಿಕ್ ಅಂತಾನೇ ಇದ್ರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಗಾಳಿ ಎಳೀತಿದೆ, ಇಲ್ಲವೇ ಎಲ್ಲೋ ಪೆಟ್ರೋಲ್ ಸುರೀತಿದೆ. ತಿರುಗೋ ಪಂಪುಗಳು ಹೀಗೆ ಸುಮ್ಮನಾಗಲ್ಲ, ಅಲ್ಲಿ ಕಣ್ಣಿನಿಂದಲೇ ನೋಡಬೇಕು. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಪ್ರತಿ ಜಾಯಿಂಟಿಗೂ ಒಣ ಬಟ್ಟೆ ಒತ್ತಿ, ಒದ್ದೆಯಾಯ್ತಾ ನೋಡಿ. ಎಲ್ಲಾದ್ರೂ ಒದ್ದೆಯಾಗಿದ್ರೆ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿ, ಆಮೇಲೆ ಸ್ಪ್ಯಾನರ್ ಎತ್ತಿಕೊಳ್ಳಿ.